ಶೂ ಕಚ್ಚಿದಾಗ ನೆನಪಾದ ಬಿಕಿಲ

ಓಟಕ್ಕೆ ಇನ್ನು ಐದೇ ದಿನ ಇತ್ತು. ಭಾನುವಾರ ಬೆಳಿಗ್ಗೆ ಯಳಂದೂರಿನಲ್ಲಿ ಕಾಲೇಜುಗಳ ನಡುವಿನ 10 ಕಿಲೋಮೀಟರ್ ಗುಡ್ಡಗಾಡು ಓಟ. ಮಂಗಳವಾರ ಸಂಜೆ ಹನೂರಿನಿಂದ ಕೌದಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಅಭ್ಯಾಸ ಮುಗಿಸಿ ಮನೆಗೆ ಬಂದೆ. ಜಗುಲಿ ಮೇಲೆ ಕೂತು ಕಾಲುಚೀಲ ಎಳೆದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಬಲಗಾಲಿನದು ಐದು ರೂಪಾಯಿ ನಾಣ್ಯದಷ್ಟು ಅಗಲ, ಒಳಗೆಲ್ಲ ತಿಳಿನೀರು. ಎಡಗಾಲಿನದು ಆಗಲೇ ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿತ್ತು.

ಶೂ ಹೊಸದು, ಕೊಂಡು ಮೂರು ದಿನವಾಗಿತ್ತು. ಹಳೆಯ ಜೋಡಿಯ ಅಟ್ಟೆ ಸವೆದು ಹೆಬ್ಬೆರಳ ಹತ್ತಿರ ಬಟ್ಟೆ ಹರಿದಿದ್ದನ್ನು ನೋಡಿ ಅವ್ವನೇ ಕೊಡಿಸಿದ್ದು. ಅವ್ವ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು, ಗೂಡಿನಿಂದ ಎಳೆ ಹುಡುಕಿ ಹಿಡಿಯುವ ಕೆಲಸ. ಸಂಜೆ ಬಸ್ಸು ಇಳಿಯುವಾಗ ಅವಳ ಬೆರಳ ತುದಿಗಳು ಬೆಳ್ಳಗೆ ಮುದುಡಿಕೊಂಡಿರುತ್ತವೆ. ಆ ಕೈಗಳು ಎಣಿಸಿ ಕೊಟ್ಟ ದುಡ್ಡಿನ ಶೂ ನನ್ನನ್ನು ಕಚ್ಚುತ್ತಿದೆ ಎಂದು ಹೇಳುವುದು ಹೇಗೆ? ಕಾಲನ್ನು ಲುಂಗಿಯೊಳಗೆ ಮುಚ್ಚಿಕೊಂಡು ಊಟಕ್ಕೆ ಕೂತೆ.

ಅಜ್ಜಿಯ ಕಣ್ಣು ತಪ್ಪಿಸಲಾಗಲಿಲ್ಲ. ಅವಳು ಪ್ರಾಯದಲ್ಲಿ ಎಷ್ಟೋ ಸಲ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದವಳು. ಈಗಲೂ ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ ಬಂತೆಂದರೆ ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಕಡೆಗೆ ಬರಿಗಾಲಿನವರ ಸಾಲು ಹೋಗುವುದನ್ನು ನಾವೆಲ್ಲ ನೋಡುತ್ತೇವೆ. ಅಜ್ಜಿಯದು ಒಂದೇ ಮಾತು, ಶೂ ಬಿಸಾಕಿ ಬರಿಗಾಲಲ್ಲಿ ಓಡು ಅಂತ.

ಮಾರನೇ ದಿನ ಕಾಲೇಜಿನಲ್ಲಿ ನಾನು ಕುಂಟುವುದನ್ನು ಪಿ.ಟಿ. ಮೇಷ್ಟ್ರು ಕಂಡರು. ಹತ್ತಿರ ಕೂರಿಸಿಕೊಂಡು ಹಿಮ್ಮಡಿ ನೋಡಿದರು. ಬೈಯಲಿಲ್ಲ. ಒಲಿಂಪಿಕ್ಸ್ ಓಟಕ್ಕೆ ಮುಂಚೆ ಹೀಗೇ ಹೊಸ ಶೂ ಕಚ್ಚಿಸಿಕೊಂಡ ಒಬ್ಬರಿದ್ದರು, ಅವರ ಬಗ್ಗೆ ಮೊದಲು ಓದು, ಆಮೇಲೆ ಏನು ಮಾಡುತ್ತೀಯೋ ನೀನೇ ತೀರ್ಮಾನಿಸು ಎಂದರು. ಹೆಸರು ಅಬೆಬೆ ಬಿಕಿಲ. ಬರಿಗಾಲಲ್ಲಿ ಓಡಿ ಗೆದ್ದವರು ಎಂಬ ಒಂದು ಸಾಲು ನನಗೂ ಗೊತ್ತಿತ್ತು. ಅದರ ಹಿಂದೆ ಮುಂದೆ ಏನಿತ್ತು ಎಂಬುದು ಗೊತ್ತಿರಲಿಲ್ಲ. ಎರಡು ದಿನ ಓಡುವಂತಿರಲಿಲ್ಲವಾದ್ದರಿಂದ ಓದಿದೆ.

ದನ ಕಾಯುತ್ತಿದ್ದ ಹುಡುಗ

ಅಬೆಬೆ ಬಿಕಿಲ ಹುಟ್ಟಿದ್ದು 1932ರ ಆಗಸ್ಟ್ 7ರಂದು, ಇಥಿಯೋಪಿಯದ ಜಾಟೋ ಎಂಬ ಹಳ್ಳಿಯಲ್ಲಿ. ಅದೇ ದಿನ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮ್ಯಾರಥಾನ್ ನಡೆಯಿತು. ಕುರಿ, ದನ ಕಾಯುವ ಮನೆತನದ ಹುಡುಗನಿಗೆ ಒಲಿಂಪಿಕ್ಸ್ ಎಂಬ ಹೆಸರೂ ಕಿವಿಗೆ ಬೀಳುವಂತಿರಲಿಲ್ಲ. ಅವರಿಗೆ ಮೂರು ವರ್ಷವಾದಾಗ, 1935ರಲ್ಲಿ, ಮುಸೊಲಿನಿಯ ಇಟಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಬಂತು. ದೇಶ ಕೆಲವು ವರ್ಷ ಇಟಲಿಯ ಕೈಯಲ್ಲಿತ್ತು. ಹುಡುಗ ಬೆಳೆದದ್ದು ಆ ಕಾಲದಲ್ಲಿ.

ಪ್ರಾಯಕ್ಕೆ ಬಂದ ಮೇಲೆ ಬಿಕಿಲ ರಾಜಧಾನಿ ಅಡಿಸ್ ಅಬಾಬಕ್ಕೆ ಬಂದು ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ದಳಕ್ಕೆ ಸೇರಿದರು. ಅಡಿಸ್ ಅಬಾಬ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರದಲ್ಲಿರುವ ಊರು. ಗಾಳಿ ತೆಳು, ಸುತ್ತ ಗುಡ್ಡ. ಅಂಥ ಜಾಗದಲ್ಲಿ ದಿನವೂ ದೂರ ದೂರ ಓಡಿದವರ ಎದೆ ಬಯಲುಸೀಮೆಯಲ್ಲಿ ಓಡುವಾಗ ಅಷ್ಟು ಬೇಗ ಸೋಲುವುದಿಲ್ಲ.

ಆ ದಳದ ಸೈನಿಕರಿಗೆ ಆಟೋಟ ಕಲಿಸಲು ಸ್ವೀಡನ್ನಿನಿಂದ ಬಂದವರು ಓನ್ನಿ ನಿಸ್ಕಾನೆನ್. ಬಿಕಿಲ ಅವರ ಓಟವನ್ನು ತಿದ್ದಿದವರು ಇವರೇ. ಮೊದಮೊದಲು ಬಿಕಿಲರ ಕೈ ಬೀಸು, ತಲೆಯ ಓಲಾಟ ಯಾವುದೂ ಹದದಲ್ಲಿರಲಿಲ್ಲ. ನಿಸ್ಕಾನೆನ್ ಅವನ್ನೆಲ್ಲ ಒಂದೊಂದಾಗಿ ಸರಿಪಡಿಸಿದರು. ಶೂ ಹಾಕಿಸಿಯೂ ಓಡಿಸಿದರು, ಬರಿಗಾಲಲ್ಲೂ ಓಡಿಸಿದರು. ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ.

1960ರ ರೋಮ್ ಒಲಿಂಪಿಕ್ಸ್‌ಗೆ ಬಿಕಿಲ ಹೊರಟಾಗ ಹೊರದೇಶದಲ್ಲಿ ಅವರ ಹೆಸರು ಕೇಳಿದವರಿರಲಿಲ್ಲ. ವಯಸ್ಸು 28. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ.

ರೋಮ್‌ನಲ್ಲಿ ಕಚ್ಚಿದ ಶೂ

ರೋಮ್ ತಲುಪುವ ಹೊತ್ತಿಗೆ ಬಿಕಿಲರ ಹಳೆಯ ಶೂ ಸವೆದುಹೋಗಿತ್ತು. ಹೊಸ ಜೋಡಿ ಸಿಕ್ಕಿತು. ಆದರೆ ಅದು ಕಾಲಿಗೆ ಹೊಂದಲಿಲ್ಲ, ಬೊಬ್ಬೆ ಎದ್ದವು. ಓಟದ ದಿನ ಹತ್ತಿರ ಬಂದಿತ್ತು. ಇದನ್ನು ಓದುವಾಗ ನನಗೆ ಗೊತ್ತಿಲ್ಲದೆ ಕೈ ಹಿಮ್ಮಡಿಗೆ ಹೋಯಿತು. ನನ್ನದು ಯಳಂದೂರಿನ ಓಟ, ಅವರದು ಒಲಿಂಪಿಕ್ಸ್. ಆದರೆ ಚರ್ಮಕ್ಕೆ ಆ ವ್ಯತ್ಯಾಸ ಗೊತ್ತಿಲ್ಲವಲ್ಲ.

ಅವರ ಮುಂದೆ ಇದ್ದದ್ದು ಮೂರು ದಾರಿ. ಕಚ್ಚುವ ಶೂ ಹಾಕಿಕೊಂಡು ಹಲ್ಲು ಕಚ್ಚಿ ಓಡುವುದು, ಓಟ ಬಿಡುವುದು, ಇಲ್ಲವೇ ಬರಿಗಾಲಲ್ಲಿ ಓಡುವುದು. ನಿಸ್ಕಾನೆನ್ ಮತ್ತು ಬಿಕಿಲ ಮಾತಾಡಿಕೊಂಡು ಮೂರನೆಯದನ್ನು ಆರಿಸಿದರು. ಬರಿಗಾಲ ಓಟದ ಅಭ್ಯಾಸ ಮೊದಲೇ ಇತ್ತು, ಪಾದ ಗಟ್ಟಿಯಾಗಿತ್ತು. ಹೊಸ ಶೂಗಿಂತ ಹಳೆಯ ಪಾದವೇ ವಾಸಿ ಎಂಬ ಲೆಕ್ಕ ಅದು.

1960ರ ಸೆಪ್ಟೆಂಬರ್ 10. ರೋಮ್‌ನಲ್ಲಿ ಬಿಸಿಲು ಜಾಸ್ತಿಯೆಂದು ಓಟವನ್ನು ಸಂಜೆಗೆ ಇಟ್ಟಿದ್ದರು. ಕ್ರೀಡಾಂಗಣದಲ್ಲಿ ಅಲ್ಲ, ಕ್ಯಾಪಿಟೊಲಿನ್ ಗುಡ್ಡದ ಬುಡದಿಂದ ಆರಂಭ, ಕಾನ್‌ಸ್ಟಂಟೈನ್‌ನ ಕಮಾನಿನ ಬಳಿ ಮುಕ್ತಾಯ. ಬಿಕಿಲರ ಎದೆಯ ಮೇಲಿನ ಸಂಖ್ಯೆ 11. ಬರಿಗಾಲಲ್ಲಿ ನಿಂತ ತೆಳ್ಳನೆಯ ಓಟಗಾರನನ್ನು ಕಂಡು ನಕ್ಕವರೂ ಇದ್ದರು.

ಮೊರಾಕ್ಕೊದ ರಾದಿ ಬೆನ್ ಅಬ್ದೆಸಲಾಂ ಅವರ ಮೇಲೆ ಕಣ್ಣಿಡಬೇಕು ಎಂಬುದು ಬಿಕಿಲರಿಗೆ ಮೊದಲೇ ಗೊತ್ತಿತ್ತು. ಅವರ ಸಂಖ್ಯೆ 26 ಎಂದುಕೊಂಡು ಬಿಕಿಲ ಹುಡುಕುತ್ತಾ ಓಡಿದರು. ಆದರೆ ರಾದಿ ಅಂದು ಧರಿಸಿದ್ದು 185. ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದವರೇ ತಾವು ಹುಡುಕುತ್ತಿದ್ದ ರಾದಿ ಎಂದು ಬಿಕಿಲರಿಗೆ ತಿಳಿದಿರಲಿಲ್ಲ. ಸಿಗದ 26ನ್ನು ಹಿಡಿಯಲು ವೇಗ ಕಾಯ್ದುಕೊಂಡೇ ಓಡಿದರು. ಅರ್ಧ ದಾರಿಯ ಹೊತ್ತಿಗೆ ಇವರಿಬ್ಬರೇ ಮುಂದೆ ಇದ್ದರು.

ಕತ್ತಲಾಯಿತು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಅಪ್ಪಿಯನ್ ರಸ್ತೆಯ ಕಲ್ಲುಹಾಸಿನ ಮೇಲೆ ಓಟ. ದಾರಿಯುದ್ದಕ್ಕೂ ಸೈನಿಕರು ಪಂಜು ಹಿಡಿದು ನಿಂತಿದ್ದರು. ಕೊನೆಗೆ ಸುಮಾರು ಒಂದು ಕಿಲೋಮೀಟರ್ ಉಳಿದಿರುವಾಗ ಒಂದು ಎತ್ತರದ ಕಲ್ಲುಕಂಬ ಬರುತ್ತದೆ. ಅದು ರೋಮ್‌ನದಲ್ಲ. ಇಥಿಯೋಪಿಯದ ಆಕ್ಸುಮ್ ಎಂಬ ಪ್ರಾಚೀನ ಪಟ್ಟಣದ್ದು. ಮುಸೊಲಿನಿಯ ಕಡೆಯವರು 1937ರಲ್ಲಿ ಅದನ್ನು ತುಂಡುಗಳಾಗಿ ಸಾಗಿಸಿ ತಂದು ಅಲ್ಲಿ ನಿಲ್ಲಿಸಿದ್ದರು. ಓಟದ ದಾರಿಯನ್ನು ಮುಂಚೆಯೇ ನೋಡಿಕೊಂಡಿದ್ದ ಬಿಕಿಲ ಮತ್ತು ನಿಸ್ಕಾನೆನ್ ಇಲ್ಲಿಂದಲೇ ವೇಗ ಹೆಚ್ಚಿಸಬೇಕೆಂದು ಗೊತ್ತುಮಾಡಿಕೊಂಡಿದ್ದರು. ತನ್ನ ನಾಡಿನಿಂದ ಕಿತ್ತು ತಂದ ಕಂಬದ ಹತ್ತಿರ ಬರಿಗಾಲಿನ ಸೈನಿಕ ಮುಂದೆ ನುಗ್ಗಿದರು. ರಾದಿ ಹಿಂದೆ ಉಳಿದರು.

2 ಗಂಟೆ 15 ನಿಮಿಷ 16.2 ಸೆಕೆಂಡು. ಅಲ್ಲಿಯವರೆಗೆ ಸೋವಿಯತ್ ಒಕ್ಕೂಟದ ಸೆರ್ಗೆಯ್ ಪೊಪೊವ್ ಹೆಸರಲ್ಲಿದ್ದ ಅತ್ಯುತ್ತಮ ಸಮಯಕ್ಕಿಂತ ಒಂದು ಸೆಕೆಂಡಿನಷ್ಟೂ ಅಲ್ಲದ ಅಂತರದಲ್ಲಿ ಹೊಸ ದಾಖಲೆ. ರಾದಿ 25 ಸೆಕೆಂಡು ತಡವಾಗಿ ಬಂದರು. ಸಹಾರಾದ ಕೆಳಗಿನ ಆಫ್ರಿಕಾದ ಕಪ್ಪು ಜನರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲಿಗರು ಬಿಕಿಲ. ಅದೂ ತನ್ನ ದೇಶವನ್ನು ತುಳಿದಿದ್ದವರ ರಾಜಧಾನಿಯಲ್ಲಿ. ಆ ಕಲ್ಲುಕಂಬವನ್ನು ಇಟಲಿ 2005ರಲ್ಲಿ ಇಥಿಯೋಪಿಯಕ್ಕೆ ಹಿಂದಿರುಗಿಸಿತು. ಅದನ್ನು ನೋಡಲು ಬಿಕಿಲ ಇರಲಿಲ್ಲ.

ಬಡತನದ ಕತೆಯಲ್ಲ

ಶೂ ಕೊಳ್ಳಲು ದುಡ್ಡಿಲ್ಲದೆ ಬರಿಗಾಲಲ್ಲಿ ಓಡಿದ ಬಡ ಆಫ್ರಿಕನ್ ಎಂದು ಬಿಕಿಲರ ಕತೆಯನ್ನು ಹೇಳುವುದುಂಟು. ನಾನೂ ಹಾಗೆಯೇ ನಂಬಿದ್ದೆ. ಅದು ಪೂರ್ತಿ ನಿಜವಲ್ಲ. ಶೂ ಇತ್ತು, ಅದು ಹೊಂದಲಿಲ್ಲ. ಬರಿಗಾಲು ಅವರ ಮಟ್ಟಿಗೆ ಲಾಚಾರಿಯೂ ಅಲ್ಲ, ಹಟವೂ ಅಲ್ಲ. ಓಟಕ್ಕೆ ಮುಂಚೆ ಇಬ್ಬರು ತಿಳಿದವರು ಕೂತು ಮಾಡಿದ ತೀರ್ಮಾನ.

ನಮ್ಮ ನಾಡಿನ ಒಬ್ಬರು ಈ ಜಾಗದಲ್ಲಿ ನೆನಪಾಗಬೇಕು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬಿಕಿಲ ಹುಟ್ಟುವುದಕ್ಕೂ 12 ವರ್ಷ ಮೊದಲು, 1920ರಲ್ಲಿ, ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದವರು. ಅದಕ್ಕೂ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹೊಲದಲ್ಲಿ ದುಡಿಯುವ ಹುಡುಗರು ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಮೈಲಿಗಟ್ಟಲೆ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾಗಿದ್ದರು. ಭಾರತದ ತಂಡ ಒಲಿಂಪಿಕ್ಸ್‌ಗೆ ಹೋಗಲು ಅದೇ ಕಾರಣವಾಯಿತು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾಗಿ ಬಂದರು. ಬಿಕಿಲರ ಹೆಸರು ಗೊತ್ತಿರುವ ನಮಗೆ ಬೆಳಗಾವಿಯ ಈ ಹೆಸರು ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಬರಿಗಾಲಿನಿಂದ ಶೂಗೆ

ರೋಮ್ ಆದ ಮೇಲೆ ಬರಿಗಾಲು ಬಿಕಿಲರ ಗುರುತಾಯಿತು. 1961ರ ಮೇ ತಿಂಗಳಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಬರಿಗಾಲಲ್ಲೇ ಗೆದ್ದರು. ಬರಿಗಾಲಿನ ಓಟಗಾರ ಎಂಬ ಬಿರುದನ್ನು ಹಿಡಿದುಕೊಂಡು ಅವರು ಹಾಗೆಯೇ ಇದ್ದುಬಿಡಬಹುದಿತ್ತು, ಜಗತ್ತಿಗೂ ಅದೇ ಇಷ್ಟವಿತ್ತು. ಆದರೆ ಮುಂದಿನ ತಿಂಗಳು ಜಪಾನಿನ ಒಸಾಕದಲ್ಲಿ ಅವರು ಶೂ ತೊಟ್ಟರು.

ತೊಡಿಸಿದವರು ಕಿಹಾಚಿರೊ ಒನಿಟ್ಸುಕ ಎಂಬ ಶೂ ತಯಾರಕರು. ಇವರು ಮ್ಯಾರಥಾನ್ ಓಟಗಾರರ ಬೊಬ್ಬೆಯನ್ನೇ ತಲೆಗೆ ಹಚ್ಚಿಕೊಂಡಿದ್ದವರು. ಬೊಬ್ಬೆ ಬರುವುದು ಓಟಗಾರರ ಹಣೆಬರಹ ಎಂದು ಆಗ ಎಲ್ಲರೂ ಸುಮ್ಮನಿದ್ದರು. ಒನಿಟ್ಸುಕ ಸುಮ್ಮನಿರಲಿಲ್ಲ. ಶೂ ಒಳಗೆ ಹುಟ್ಟುವ ಕಾವು ಹೊರಗೆ ಹೋಗದಿರುವುದೇ ತೊಂದರೆಯ ಮೂಲ ಎಂದು ಕಂಡುಕೊಂಡರು. ಮೋಟಾರ್ ಸೈಕಲ್ ಎಂಜಿನ್ನು ಗಾಳಿಯಿಂದ ತಣ್ಣಗಾಗುವುದನ್ನು ನೋಡಿ, ಗಾಳಿ ಒಳಗೆ ಬಂದು ಹೊರಗೆ ಹೋಗುವಂತೆ ರಂಧ್ರಗಳಿರುವ ಶೂ ಮಾಡಿದರು. ಒಸಾಕದಲ್ಲೂ ಬಿಕಿಲ ಗೆದ್ದರು.

ಬೊಬ್ಬೆ ಹೇಗೆ ಬರುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದೂ ಈಗಲೇ. ಹೊರಚರ್ಮ ಕಾಲುಚೀಲಕ್ಕೆ ಅಂಟಿದಂತೆ ನಿಂತಿರುತ್ತದೆ, ಒಳಗೆ ಮೂಳೆ ಹಿಂದೆ ಮುಂದೆ ಜರುಗುತ್ತದೆ. ಸಾವಿರಾರು ಹೆಜ್ಜೆ ಹೀಗೆ ಜಗ್ಗಿದರೆ ಚರ್ಮದ ಪದರಗಳ ನಡುವೆ ಬಿರುಕು ಬಿಟ್ಟು ಅಲ್ಲಿ ನೀರು ತುಂಬುತ್ತದೆ. ಬೆವರಿನಿಂದ ಚರ್ಮ ಒದ್ದೆಯಾದರೆ ಜಗ್ಗಾಟ ಇನ್ನೂ ಹೆಚ್ಚು. ಶೂ ಬಿಗಿಯಾದರೂ ಬೊಬ್ಬೆ, ಸಡಿಲವಾದರೂ ಬೊಬ್ಬೆ.

1964ರ ಟೋಕಿಯೊ ಒಲಿಂಪಿಕ್ಸ್‌ಗೆ ಐದಾರು ವಾರ ಇರುವಾಗ ಬಿಕಿಲರಿಗೆ ಹೊಟ್ಟೆನೋವು ಬಂತು. ಅಪೆಂಡಿಸೈಟಿಸ್. ಶಸ್ತ್ರಚಿಕಿತ್ಸೆಯಾಯಿತು. ಓಡುತ್ತಾರೆ ಎಂದು ಯಾರೂ ನೆಚ್ಚಿರಲಿಲ್ಲ. ಆದರೆ ಅಕ್ಟೋಬರ್ 21ರಂದು ಕಾಲುಚೀಲ, ಬಿಳಿ ಶೂ ತೊಟ್ಟು ಅವರು ಸಾಲಿನಲ್ಲಿ ನಿಂತರು. 2 ಗಂಟೆ 12 ನಿಮಿಷ 11.2 ಸೆಕೆಂಡಿನಲ್ಲಿ ಕ್ರೀಡಾಂಗಣ ಸೇರಿ ಗೆರೆ ಮುಟ್ಟಿದರು. ಎರಡನೆಯವರಾದ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಬರಲು ಇನ್ನೂ ನಾಲ್ಕು ನಿಮಿಷ ಬೇಕಾಯಿತು. ಅಷ್ಟರಲ್ಲಿ ಬಿಕಿಲ ಹುಲ್ಲಿನ ಮೇಲೆ ಕಾಲು ಚಾಚಿ ವ್ಯಾಯಾಮ ಮಾಡುತ್ತಿದ್ದರು. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗರು ಅವರು. ಒಂದು ಸಲ ಬರಿಗಾಲಲ್ಲಿ, ಒಂದು ಸಲ ಶೂನಲ್ಲಿ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ನಮ್ಮ ಕಡೆಯ ಎರಡು ಬೆಟ್ಟ ಕಣ್ಣ ಮುಂದೆ ಬಂದವು. ಹನೂರಿನ ಆಚೆ ಮಾದಪ್ಪನ ಬೆಟ್ಟ, ಅಲ್ಲಿಗೆ ಜನ ಬರಿಗಾಲಲ್ಲಿ ನಡೆಯುತ್ತಾರೆ. ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟ, ಅಲ್ಲಿ ದೇವರಿಗೇ ದೊಡ್ಡ ಚರ್ಮದ ಪಾದರಕ್ಷೆ ಮಾಡಿಸಿ ಒಪ್ಪಿಸುತ್ತಾರೆ. ರಂಗಪ್ಪ ಅದನ್ನು ಮೆಟ್ಟಿಕೊಂಡು ಕಾಡೆಲ್ಲ ತಿರುಗುತ್ತಾನೆ, ಅದಕ್ಕೇ ಅದು ಸವೆಯುತ್ತದೆ ಎಂದು ಜನ ನಂಬುತ್ತಾರೆ. ಎರಡೂ ನಮ್ಮದೇ ಬೆಟ್ಟ. ಬರಿಗಾಲೇ ಮೇಲು, ಮೆಟ್ಟೇ ಮೇಲು ಎಂಬ ಜಗಳ ಅಲ್ಲಿಲ್ಲ. ಬಿಕಿಲರಿಗೂ ಇರಲಿಲ್ಲ.

ಕಾಲು ಕೈಕೊಟ್ಟಾಗ

ಗೆಲುವಿನ ಕತೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಬಿಕಿಲರ ಬದುಕು ಮುಗಿಯಲಿಲ್ಲ. ಟೋಕಿಯೊದಿಂದ ಮರಳಿದ ಮೇಲೆ ಚಕ್ರವರ್ತಿ ಅವರಿಗೆ ಬಡ್ತಿ ಕೊಟ್ಟರು, ಮನೆ ಕೊಟ್ಟರು, ಒಂದು ಫೋಕ್ಸ್‌ವ್ಯಾಗನ್ ಕಾರು ಕೊಟ್ಟರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಹೋದಾಗ ಕಾಲಿಗೆ ಪೆಟ್ಟಾಗಿತ್ತು. ಸುಮಾರು 17 ಕಿಲೋಮೀಟರ್ ಓಡಿ ನಿಲ್ಲಬೇಕಾಯಿತು. ಅವರದೇ ದೇಶದ ಮಾಮೊ ವೊಲ್ಡೆ ಅಂದು ಗೆದ್ದರು. ನೋವನ್ನು ನುಂಗಿಕೊಂಡು ಪೂರ್ತಿ ಓಡಲೇಬೇಕು ಎಂಬ ಹಟವನ್ನು ಬಿಕಿಲ ಅಲ್ಲಿಯೂ ಮಾಡಲಿಲ್ಲ.

1969ರ ಮಾರ್ಚ್ ತಿಂಗಳ ಒಂದು ರಾತ್ರಿ ಅದೇ ಫೋಕ್ಸ್‌ವ್ಯಾಗನ್ ಓಡಿಸುತ್ತಿದ್ದಾಗ ಕಾರು ಮಗುಚಿತು. ಬೆಳಗಿನವರೆಗೂ ಒಳಗೆ ಸಿಕ್ಕಿಕೊಂಡಿದ್ದರು. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟು. ಚಿಕಿತ್ಸೆಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಕಳಿಸಿದರು. ತಿಂಗಳುಗಟ್ಟಲೆ ಅಲ್ಲಿದ್ದ ಮೇಲೆ ಕೈಗಳಿಗೆ ಬಲ ಬಂತು. ಕಾಲುಗಳಿಗೆ ಬರಲೇ ಇಲ್ಲ. ರೋಮ್‌ನ ಕಲ್ಲುಹಾಸನ್ನು ಬರಿಗಾಲಲ್ಲಿ ತುಳಿದವರು ಗಾಲಿಕುರ್ಚಿಗೆ ಬಂದರು. ಆಗ ಅವರಿಗೆ 36 ವರ್ಷ.

ಆಮೇಲೆ ಏನು ಮಾಡಿದರು? ಬಿಲ್ಲು ಹಿಡಿದರು. ಅಂಗವಿಕಲರ ಕ್ರೀಡಾಕೂಟಗಳಿಗೆ ಮೊದಲ ನೆಲೆಯಾದದ್ದು ಅದೇ ಸ್ಟೋಕ್ ಮ್ಯಾಂಡೆವಿಲ್. 1970ರಲ್ಲಿ ಅಲ್ಲಿನ ಕೂಟದಲ್ಲಿ ಬಿಲ್ಲುಗಾರಿಕೆ, ಟೇಬಲ್ ಟೆನಿಸ್‌ಗಳಲ್ಲಿ ಸ್ಪರ್ಧಿಸಿದರು. 1971ರಲ್ಲಿ ನಾರ್ವೆಗೆ ಹೋಗಿ, ಹಿಮದ ಮೇಲೆ ಜಾರುಬಂಡಿಯ 25 ಕಿಲೋಮೀಟರ್ ಸ್ಪರ್ಧೆಯನ್ನು ಗೆದ್ದರು. ಹಿಮವೇ ಇಲ್ಲದ ಊರಿನಿಂದ ಹೋದವರು, ಕಾಲು ನಡೆಯದವರು. ಇದ್ದ ಕೈಗಳಿಗೆ ಏನು ಒಗ್ಗುತ್ತದೋ ಅದನ್ನು ಕಲಿತರು.

1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅತಿಥಿಯಾಗಿ ಹೋದರು. ಗಾಲಿಕುರ್ಚಿಯಲ್ಲಿ ಬಂದ ಅವರನ್ನು ಕಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷ ಮ್ಯಾರಥಾನ್ ಗೆದ್ದ ಅಮೆರಿಕದ ಫ್ರಾಂಕ್ ಶಾರ್ಟರ್ ಹೋಗಿ ಅವರ ಕೈಕುಲುಕಿದರು. ಮರುವರ್ಷ, 1973ರ ಅಕ್ಟೋಬರ್ 25ರಂದು, ಮೆದುಳಿನ ರಕ್ತಸ್ರಾವದಿಂದ ಬಿಕಿಲ ತೀರಿಕೊಂಡರು. ವಯಸ್ಸು 41. ಅಡಿಸ್ ಅಬಾಬದಲ್ಲಿ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದರು, ಚಕ್ರವರ್ತಿಯೂ ಬಂದಿದ್ದರು.

ಯಳಂದೂರಿನ ಭಾನುವಾರ

ಗುರುವಾರ ರಾತ್ರಿ ನಾನು ತೀರ್ಮಾನ ಮಾಡಿದೆ. ಅಜ್ಜಿ ಹೇಳಿದಂತೆ ಬರಿಗಾಲಲ್ಲಿ ಓಡುವಂತಿರಲಿಲ್ಲ. ಅಜ್ಜಿಯ ಪಾದ ಬೇರೆ, ನನ್ನದು ಬೇರೆ. ಒಂದನೇ ತರಗತಿಯಿಂದ ಶೂ, ಚಪ್ಪಲಿಯಲ್ಲೇ ಬೆಳೆದ ಕಾಲನ್ನು ಮೂರೇ ದಿನದಲ್ಲಿ ಕಲ್ಲು ಮುಳ್ಳಿಗೆ ಒಪ್ಪಿಸಿದರೆ ಅದು ಬಿಕಿಲರ ದಾರಿಯಲ್ಲ, ಅವರ ವೇಷ ಅಷ್ಟೆ. ಅವರು ಮಾಡಿದ್ದು ತಮ್ಮ ಕಾಲಿಗೆ ಗೊತ್ತಿದ್ದನ್ನು. ನನ್ನ ಕಾಲಿಗೆ ಗೊತ್ತಿದ್ದದ್ದು ಅಟ್ಟೆ ಸವೆದ ಹಳೆಯ ಶೂ.

ಆದರೆ ಅದನ್ನು ಹಾಕಿಕೊಳ್ಳಲು ಅವ್ವನಿಗೆ ಹೇಳಲೇಬೇಕಿತ್ತು. ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ದೀಪದ ಬೆಳಕಿಗೆ ನನ್ನ ಹಿಮ್ಮಡಿ ತಿರುಗಿಸಿ ನೋಡಿದಳು. ಎರಡು ದಿನ ಯಾಕೆ ಮುಚ್ಚಿಟ್ಟೆ ಎಂಬುದಕ್ಕೆ ಮಾತ್ರ ಸಿಟ್ಟಾದಳು. ಆಮೇಲೆ ತನ್ನ ಕೈ ತೋರಿಸಿ ಒಂದು ವಿಷಯ ಹೇಳಿದಳು. ನೂಲು ಬಿಚ್ಚುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಬೆರಳಲ್ಲೂ ಬೊಬ್ಬೆ ಎದ್ದಿದ್ದವಂತೆ. ಜೊತೆಯಲ್ಲಿದ್ದ ಹಿರಿಯ ಹೆಂಗಸರು ಮೊದಲ ವಾರ ಅವಳಿಗೆ ಅರ್ಧ ಹೊತ್ತು ಮಾತ್ರ ನೀರಿನ ಕೆಲಸ ಕೊಟ್ಟು, ಉಳಿದ ಹೊತ್ತು ಗೂಡು ಆರಿಸಲು ಕೂರಿಸುತ್ತಿದ್ದರಂತೆ. ಚರ್ಮಕ್ಕೂ ಕಲಿಯಲು ದಿನ ಬೇಕು ಎಂಬುದು ಅವಳ ಮಾತಿನ ಸಾರ. ಓಟಕ್ಕೆ ವಾರವಿರುವಾಗ ಶೂ ಕೊಡಿಸಿದ್ದು ತನ್ನದೇ ತಪ್ಪು ಎಂದಳು. ಕೇಳಿದವನು ನಾನು, ತಪ್ಪು ಅವಳದ್ದು ಹೇಗಾಗುತ್ತದೆ?

ಮೇಷ್ಟ್ರು ಹೇಳಿದಂತೆ ಬೊಬ್ಬೆಯ ಆರೈಕೆ ಮಾಡಿದೆ. ಒಡೆದದ್ದನ್ನು ಸೋಪು ನೀರಲ್ಲಿ ತೊಳೆದು, ಸಿಪ್ಪೆ ಕೀಳದೆ, ಶುದ್ಧ ಬಟ್ಟೆ ಕಟ್ಟಿದೆ. ಒಡೆಯದಿದ್ದದ್ದನ್ನು ಚುಚ್ಚದೆ ಹಾಗೆಯೇ ಬಿಟ್ಟೆ. ಮೇಲಿನ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಕೆಂಪಗೆ ಊದಿಕೊಂಡರೆ, ಕೀವು ಕಂಡರೆ, ಜ್ವರ ಬಂದರೆ ಮನೆಮದ್ದು ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಂತೂ ಕಾಯುವಂತೆಯೇ ಇಲ್ಲ. ಓಟದ ಬೆಳಿಗ್ಗೆ ಒಣಗಿದ ಕಾಲಿಗೆ, ಬೊಬ್ಬೆ ಏಳುವ ಜಾಗದಲ್ಲಿ, ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ತೆಳು ಕಾಗದದ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿಕೊಂಡೆ.

ಭಾನುವಾರ ಯಳಂದೂರಿನಲ್ಲಿ ಗದ್ದೆ ಬಯಲಿನ ಪಕ್ಕದ ದಾರಿಯಲ್ಲಿ ಓಡಿದೆ. ಆರನೇ ಕಿಲೋಮೀಟರ್ ಆದ ಮೇಲೆ ಎಡ ಹಿಮ್ಮಡಿ ಉರಿಯತೊಡಗಿತು. ದೂರದಲ್ಲಿ ಬಿಳಿಗಿರಿಯ ಸಾಲು ಕಾಣುತ್ತಿತ್ತು, ಅದನ್ನೇ ನೋಡುತ್ತಾ ಹೆಜ್ಜೆ ಹಾಕಿದೆ. ಏಳನೇ ಸ್ಥಾನ ಬಂತು. ಮುಂದಿನ ಹಂತಕ್ಕೆ ಆಯ್ಕೆಯಾದದ್ದು ಆರು ಜನ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ವಾರವಿಡೀ ಓಡಿದ್ದರೆ, ಮಂಗಳವಾರ ಸಂಜೆ ಮೊದಲ ಉರಿ ಕಂಡಾಗಲೇ ನಿಂತಿದ್ದರೆ ಎಂದೆಲ್ಲ ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ ಯೋಚಿಸಿದೆ.

ಹೊಸ ಶೂವನ್ನು ಬಿಸಾಕಲಿಲ್ಲ. ಕಚ್ಚುವ ಚಪ್ಪಲಿಗೆ ಎಣ್ಣೆ ಸವರುವ ಹಾಗೆ ಅವ್ವ ಅದರ ಹಿಮ್ಮಡಿಯ ಅಂಚನ್ನು ದಿನವೂ ಕೈಯಲ್ಲಿ ಹಿಸುಕಿ ಮೆತ್ತಗೆ ಮಾಡಿದಳು. ಬಿಸಿನೀರಿಗೆ ಗಟ್ಟಿಯಾದ ಆ ಬೆರಳುಗಳಿಂದ. ಮೊದಲು ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹಾಕಿಕೊಂಡು ಹೋದೆ. ಆಮೇಲೆ ಕಾಲೇಜಿಗೆ. ಆಮೇಲೆ ಒಂದು ಕಿಲೋಮೀಟರ್, ಎರಡು ಕಿಲೋಮೀಟರ್. ಈಗ ಅದೇ ಶೂನಲ್ಲಿ ಕೌದಳ್ಳಿ ರಸ್ತೆಯಲ್ಲಿ 10 ಕಿಲೋಮೀಟರ್ ಓಡುತ್ತೇನೆ, ಕಾಲು ಸುಮ್ಮನಿರುತ್ತದೆ. ಮುಂದಿನ ವರ್ಷದ ಓಟಕ್ಕೆ ಇನ್ನೂ ಬೇಕಾದಷ್ಟು ದಿನ ಇದೆ.